ಕೊಡಗಿನಲ್ಲಿ ವಿದ್ಯುತ್ ಗಾಡಿ: ಚಾರ್ಜ್ ಎಲ್ಲಿ, ಯಾವಾಗ, ಎಷ್ಟಕ್ಕೆ?

ಮಡಿಕೇರಿಯಲ್ಲಿ ವಿದ್ಯುತ್ ಕಾರನ್ನೋ ಸ್ಕೂಟರನ್ನೋ ಕೊಂಡವರು, ಕೊಳ್ಳಲು ಹೊರಟವರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: ಹೆದ್ದಾರಿಯ ಫಾಸ್ಟ್ ಚಾರ್ಜರನ್ನು ನೆಚ್ಚಿಕೊಳ್ಳುವುದೋ, ಹೋಟೆಲ್ ಮತ್ತು ಹೋಂಸ್ಟೇಗಳ ನಿಧಾನದ ಚಾರ್ಜರ್ ಸಾಕೋ, ಎಲ್ಲೋ ಒಂದು 16 ಆಂಪಿಯರ್ ಪ್ಲಗ್ ಸಿಕ್ಕಿದರೆ ಕೆಲಸ ನಡೆದೀತೋ? ಬೆಂಗಳೂರಿನವರಿಗೆಂದು ಬರೆದ ಸಲಹೆಗಳಲ್ಲಿ ಅರ್ಧ ಇಲ್ಲಿ ಕೆಲಸಕ್ಕೆ ಬಾರವು. ಅಲ್ಲಿ ಒಂದು ಚಾರ್ಜರ್ ಕೆಟ್ಟಿದ್ದರೆ ಎರಡು ಕಿಲೋಮೀಟರ್ ಆಚೆ ಇನ್ನೊಂದು ಸಿಗುತ್ತದೆ. ಇಲ್ಲಿ ಕೆಟ್ಟಿದ್ದರೆ ಮುಂದಿನದು ಇನ್ನೊಂದು ಊರಿನಲ್ಲಿ, ಅದೂ ಒಂದು ಏರು ಹತ್ತಿ ಇಳಿದ ಮೇಲೆ. ಮಳೆಗಾಲದ ಮಾತಂತೂ ಬೇರೆಯೇ.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮುಂಚೆ ಯೋಚಿಸಬೇಕಾದದ್ದು, ನಿಮ್ಮ ಗಾಡಿ ಹೇಗೂ ಎಷ್ಟು ಹೊತ್ತು ಒಂದೆಡೆ ನಿಂತಿರುತ್ತದೆ ಎಂಬುದನ್ನು. ರಾತ್ರಿಯಿಡೀ ನಿಲ್ಲುವ ಕಾರಿಗೆ ಫಾಸ್ಟ್ ಚಾರ್ಜರ್ ಹುಡುಕಿಕೊಂಡು ಹೋಗುವುದು ದುಡ್ಡು ದಂಡ. ಕುಶಾಲನಗರದಲ್ಲಿ ಕಾಫಿ ಕುಡಿದು ಮುಂದಕ್ಕೆ ಹೊರಡುವವರಿಗೆ ನಿಧಾನದ ಚಾರ್ಜರ್ ಇದ್ದೂ ಇಲ್ಲದ ಹಾಗೆ.

ಎರಡನೆಯದು ಬೆಲೆ. ಅದನ್ನು ಯೂನಿಟ್ ಲೆಕ್ಕದಲ್ಲಿ ಕೇಳಿ ತಿಳಿದು, ಕಿಲೋಮೀಟರ್ ಲೆಕ್ಕಕ್ಕೆ ಇಳಿಸಿ ನೋಡಬೇಕು. ಮೈಸೂರಿನ ಮಟ್ಟಸ ರಸ್ತೆಯಲ್ಲಿ ಒಂದು ಯೂನಿಟ್‌ಗೆ ಏಳು ಕಿ.ಮೀ. ಓಡುವ ಸಣ್ಣ ಕಾರು ನಮ್ಮ ಏರು, ತಿರುವುಗಳಲ್ಲಿ ಐದಾರು ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳುವುದು ಕ್ಷೇಮ.

ಮೂರನೆಯದು ಭರವಸೆ. ಹೋದಾಗ ಕರೆಂಟ್ ಇರುತ್ತದೆಯೇ, ಮೊಬೈಲ್ ಸಿಗ್ನಲ್ ಇರುತ್ತದೆಯೇ, ಚಾರ್ಜರ್ ಮುಂದೆ ಯಾರಾದರೂ ಪೆಟ್ರೋಲ್ ಕಾರು ತಂದು ನಿಲ್ಲಿಸಿ ಊಟಕ್ಕೆ ಹೋಗಿದ್ದಾರೆಯೇ? ನನ್ನ ಮಟ್ಟಿಗೆ ಕೊಡಗಿನಲ್ಲಿ ಉಳಿದೆಲ್ಲಕ್ಕಿಂತ ಇದಕ್ಕೇ ತೂಕ ಹೆಚ್ಚು. ನಂಬಲಾಗದ ಒಂದು ವೇಗದ ಚಾರ್ಜರಿಗಿಂತ ನಂಬಬಹುದಾದ ಎರಡು ನಿಧಾನದ ಜಾಗಗಳು ಮೇಲು.

ನಾಲ್ಕನೆಯದನ್ನು ಹೊರಗಿನಿಂದ ಬರುವವರು ಮರೆಯುತ್ತಾರೆ: ಚಾರ್ಜರ್ ಬೆಟ್ಟದ ಮೇಲಿದೆಯೋ ಕೆಳಗಿದೆಯೋ? ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಕುಶಾಲನಗರ 830ರ ಆಸುಪಾಸಿನಲ್ಲಿ. ಸಂಪಾಜೆ ಇವೆರಡಕ್ಕಿಂತ ಬಹಳ ಕೆಳಗೆ. ಅಲ್ಲಿಂದ ಮಡಿಕೇರಿಗೆ ಸುಮಾರು 30 ಕಿ.ಮೀ. ದಾರಿಯಲ್ಲಿ ಸಾವಿರ ಮೀಟರಿನಷ್ಟು ಏರಬೇಕು. ಜನ, ಸಾಮಾನು ಸೇರಿ ಒಂದೂವರೆ ಟನ್ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ ನಾಲ್ಕು ಯೂನಿಟ್‌ಗಿಂತ ಹೆಚ್ಚು ಬೇಕು. ಓಡುವುದಕ್ಕೆ ಬೇಕಾದ ನಾಲ್ಕೈದು ಯೂನಿಟ್ ಅದರ ಮೇಲೆ. 24 ಯೂನಿಟ್ ಬ್ಯಾಟರಿಯ ಸಣ್ಣ ಕಾರಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಈ ಒಂದು ಘಾಟಿಗೇ ಖರ್ಚು. ಕಾರಿನ ಪರದೆ ‘ಇನ್ನೂ 60 ಕಿ.ಮೀ. ಹೋಗಬಹುದು’ ಎಂದು ತೋರಿಸಿದ್ದನ್ನು ನಂಬಿ ಸಂಪಾಜೆ ಗೇಟಿನಿಂದ ಮೇಲೆ ಹತ್ತಿದವರಿಗೆ ಮದೆನಾಡು ದಾಟುವಷ್ಟರಲ್ಲಿ ಬೆವರು ಬರುತ್ತದೆ.

ಇಳಿಯುವಾಗ ಲೆಕ್ಕ ತಿರುಗುಮುರುಗು. ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಮೋಟಾರು ಡೈನಮೊ ಆಗಿ ಬ್ಯಾಟರಿಗೆ ಕರೆಂಟ್ ಮರಳಿಸುತ್ತದೆ. ಆದರೆ ಬ್ಯಾಟರಿ ನೂರಕ್ಕೆ ನೂರು ತುಂಬಿದ್ದರೆ ಮರಳಿ ತುಂಬಲು ಜಾಗವಿರುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಮಂಗಳೂರಿನ ಕಡೆಗೆ ಇಳಿಯುವವರು ಮಡಿಕೇರಿಯಲ್ಲಿ ಶೇಕಡಾ 85ರ ಹೊತ್ತಿಗೆ ಚಾರ್ಜಿಂಗ್ ನಿಲ್ಲಿಸಿ ಹೊರಡುವುದು ಜೇಬಿಗೂ ಬ್ರೇಕಿಗೂ ಒಳ್ಳೆಯದು.

ಪ್ಲಗ್ಗಿನ ನಮೂನೆಯ ಬಗ್ಗೆ ಒಂದೆರಡು ಮಾತು ಸಾಕು. ಈಗ ಮಾರಾಟವಾಗುವ ಹೆಚ್ಚಿನ ಕಾರುಗಳಿಗೆ ವೇಗದ ಚಾರ್ಜಿಂಗ್‌ಗೆ ಸಿಸಿಎಸ್-2, ನಿಧಾನದ್ದಕ್ಕೆ ಟೈಪ್-2. ಆ್ಯಪ್‌ನಲ್ಲಿ ‘ಭಾರತ್ ಡಿಸಿ-001’ ಎಂದು ಕಂಡರೆ ಅದು ಹಳೆಯ 15 ಕಿಲೋವ್ಯಾಟ್ ಮಾದರಿ. ಇಂದಿನ ಕಾರಿಗೆ ಅದರ ಗನ್ (ಕಾರಿಗೆ ಚುಚ್ಚುವ ಹಿಡಿ) ಹೊಂದುವುದಿಲ್ಲ. ಭೂಪಟದಲ್ಲಿ ಹಸಿರು ಚುಕ್ಕೆ ಕಂಡಿತೆಂದು ಹೊರಡುವ ಮೊದಲು ಇದನ್ನು ನೋಡಿಕೊಳ್ಳಿ.

ಹೆದ್ದಾರಿಯ ಫಾಸ್ಟ್ ಚಾರ್ಜರ್

ಇವು ಸಿಗುವುದು ಹೆಚ್ಚಾಗಿ ರಾಷ್ಟ್ರೀಯ ಹೆದ್ದಾರಿ 275ರ ಬದಿಯ ಹೋಟೆಲುಗಳಲ್ಲಿ, ಪೆಟ್ರೋಲ್ ಬಂಕ್‌ಗಳಲ್ಲಿ, ಕಾರು ಕಂಪನಿಗಳ ಷೋರೂಂಗಳಲ್ಲಿ. 30 ಕಿಲೋವ್ಯಾಟ್ ಚಾರ್ಜರಿನಲ್ಲಿ 30 ಯೂನಿಟ್ ಬ್ಯಾಟರಿಯ ಕಾರು ಶೇಕಡಾ 20ರಿಂದ 80ಕ್ಕೆ ಬರಲು ಸುಮಾರು ಮುಕ್ಕಾಲು ಗಂಟೆ ಬೇಕು. 60 ಎಂದು ಬರೆದಿರುವ ಕಡೆ ಎರಡು ಗನ್ ಇದ್ದು, ಪಕ್ಕದಲ್ಲಿ ಇನ್ನೊಂದು ಕಾರು ನಿಂತಿದ್ದರೆ ಆ 60 ಇಬ್ಬರಿಗೂ ಹಂಚಿಹೋಗುತ್ತದೆ. ಸಣ್ಣ ಕಾರುಗಳು 60ನ್ನು ಕೊಟ್ಟರೂ ತೆಗೆದುಕೊಳ್ಳುವುದಿಲ್ಲ, ಅವುಗಳ ಮಿತಿ ಅದಕ್ಕಿಂತ ಕೆಳಗೇ ಇರುತ್ತದೆ. ಆದ್ದರಿಂದ ನಿಮ್ಮ ಕಾರಿನ ಮಿತಿ ಗೊತ್ತಿಲ್ಲದೆ ದೊಡ್ಡ ಚಾರ್ಜರಿಗಾಗಿ ಹತ್ತು ಕಿ.ಮೀ. ಸುತ್ತಿ ಹೋಗಬೇಡಿ. ಶೇಕಡಾ 80 ದಾಟಿದ ಮೇಲೆ ಎಲ್ಲ ಕಾರುಗಳೂ ನಿಧಾನವಾಗುತ್ತವೆ. ಅಲ್ಲಿಂದಾಚೆ ಗನ್ ಹಿಡಿದು ಕೂರುವುದು ಹಿಂದೆ ಕಾಯುತ್ತಿರುವವರಿಗೂ ಅನ್ಯಾಯ.

ದರ ಸಾಮಾನ್ಯವಾಗಿ ಯೂನಿಟ್‌ಗೆ 18ರಿಂದ 25 ರೂಪಾಯಿ. ಶೇಕಡಾ 18 ಜಿಎಸ್‌ಟಿಯನ್ನು ಕೆಲವು ಆ್ಯಪ್‌ಗಳು ಸೇರಿಸಿ ತೋರಿಸುತ್ತವೆ, ಕೆಲವು ಕೊನೆಯಲ್ಲಿ ಸೇರಿಸುತ್ತವೆ. ತೆರಿಗೆ ಸೇರಿ 24 ರೂಪಾಯಿ ಎಂದಿಟ್ಟುಕೊಂಡರೆ ಕೊಡಗಿನ ರಸ್ತೆಯಲ್ಲಿ ಕಿಲೋಮೀಟರಿಗೆ ನಾಲ್ಕು ರೂಪಾಯಿ ಚಿಲ್ಲರೆ ಬೀಳುತ್ತದೆ. ಲೀಟರಿಗೆ ನೂರು ರೂಪಾಯಿ ದಾಟಿದ ಪೆಟ್ರೋಲಿನಲ್ಲಿ 15 ಕಿ.ಮೀ. ಕೊಡುವ ಕಾರಿಗೆ ಏಳರ ಹತ್ತಿರ ಬೀಳುತ್ತದೆ. ಉಳಿತಾಯವೇನೋ ಇದೆ, ಆದರೆ ಮನೆಯ ಕರೆಂಟಿನಷ್ಟಲ್ಲ. ಬರೀ ಫಾಸ್ಟ್ ಚಾರ್ಜರನ್ನೇ ನಂಬಿ ವಿದ್ಯುತ್ ಕಾರು ಕೊಂಡವರಿಗೆ, ಕೊಳ್ಳುವಾಗ ಕೊಟ್ಟ ಹೆಚ್ಚಿನ ಬೆಲೆ ಮರಳಿ ಹುಟ್ಟಲು ವರ್ಷಗಳೇ ಹಿಡಿಯುತ್ತವೆ.

ಇನ್ನು ಆ್ಯಪ್‌ಗಳ ಕಾಟ. ಟಾಟಾ ಪವರ್, ಸ್ಟ್ಯಾಟಿಕ್, ಚಾರ್ಜ್‌ಝೋನ್, ಝಿಯಾನ್, ಜಿಯೋ-ಬಿಪಿ ಎಂದು ಒಬ್ಬೊಬ್ಬರಿಗೂ ಒಂದೊಂದು ಆ್ಯಪ್, ಹೆಚ್ಚಿನವುಗಳಲ್ಲಿ ಮೊದಲೇ ದುಡ್ಡು ತುಂಬಿಸಿಡುವ ವ್ಯಾಲೆಟ್. ಸಿಗ್ನಲ್ ಇಲ್ಲದ ತಿರುವಿನಲ್ಲಿ ನಿಂತು ಒಟಿಪಿಗಾಗಿ ಕಾಯುವುದಕ್ಕಿಂತ ದೊಡ್ಡ ಹಿಂಸೆ ಇಲ್ಲ. ನಿಮ್ಮ ದಾರಿಯಲ್ಲಿ ಬರುವ ಎರಡು ಮೂರು ಕಂಪನಿಗಳ ಆ್ಯಪ್‌ಗಳನ್ನು ಮನೆಯಲ್ಲೇ ಹಾಕಿಕೊಂಡು, ಹಣ ತುಂಬಿಸಿ ಹೊರಡಿ. ಕಂಪನಿ ಆರ್‌ಎಫ್‌ಐಡಿ ಕಾರ್ಡ್ (ಚಾರ್ಜರಿಗೆ ತಾಗಿಸಿ ಬಳಸುವ ಕಾರ್ಡ್) ಕೊಡುವುದಾದರೆ ತೆಗೆದುಕೊಳ್ಳಿ. ಫೋನ್ ಸತ್ತಾಗಲೂ ಅದು ಕೆಲಸಕ್ಕೆ ಬರುತ್ತದೆ.

ಶನಿವಾರ, ಭಾನುವಾರ ಮತ್ತು ದಸರಾ ರಜೆಯಲ್ಲಿ ಈ ಚಾರ್ಜರ್‌ಗಳು ಪ್ರವಾಸಿಗರದೇ ಎಂದು ತಿಳಿಯುವುದು ಒಳ್ಳೆಯದು. ಊರಿನವರು ಶುಕ್ರವಾರ ಸಂಜೆಯೊಳಗೆ ತಮ್ಮ ಕೆಲಸ ಮುಗಿಸಿಕೊಂಡರೆ ಜಗಳ ತಪ್ಪುತ್ತದೆ.

ತಂಗುವಲ್ಲಿಯೇ ಚಾರ್ಜ್

ಕೊಡಗಿಗೆ ಹೇಳಿಮಾಡಿಸಿದ ವ್ಯವಸ್ಥೆ ಇದೇ ಎಂಬುದು ನನ್ನ ಅಭಿಪ್ರಾಯ. ಬಂದವರು ಹೇಗೂ ಒಂದು ರಾತ್ರಿ ತಂಗುತ್ತಾರೆ, ಕಾರು ಹತ್ತು ಹನ್ನೆರಡು ಗಂಟೆ ನಿಂತಿರುತ್ತದೆ. 3.3 ಕಿಲೋವ್ಯಾಟ್‌ನ ನಿಧಾನದ ಚಾರ್ಜರ್ ಕೂಡ ಆ ಹೊತ್ತಿನಲ್ಲಿ 30 ಯೂನಿಟ್ ಬ್ಯಾಟರಿಯನ್ನು ತುಂಬಿಸಿಬಿಡುತ್ತದೆ. 7.2 ಕಿಲೋವ್ಯಾಟ್ ಇದ್ದರೆ ಅರ್ಧದಷ್ಟೇ ಹೊತ್ತು ಸಾಕು, ಆದರೆ ನಿಮ್ಮ ಕಾರಿನೊಳಗಿನ ಚಾರ್ಜರ್ ಅಷ್ಟನ್ನು ತೆಗೆದುಕೊಳ್ಳುವಂಥದ್ದಾಗಿರಬೇಕು. ಕಡಿಮೆ ಬೆಲೆಯ ಮಾದರಿಗಳಲ್ಲಿ ಎಷ್ಟೋ 3.3ಕ್ಕೇ ನಿಲ್ಲುತ್ತವೆ.

ತೊಂದರೆ ಇರುವುದು ‘ಚಾರ್ಜಿಂಗ್ ಇದೆ’ ಎಂಬ ಮಾತಿನಲ್ಲಿ. ರೆಸಾರ್ಟಿನಲ್ಲಿ ಅದು ಗೋಡೆಗೆ ಜೋಡಿಸಿದ ಟೈಪ್-2 ಪೆಟ್ಟಿಗೆಯಾಗಿರಬಹುದು. ತೋಟದ ನಡುವಿನ ಹೋಂಸ್ಟೇಯಲ್ಲಿ ಅದು ಅಡುಗೆಮನೆಯ ಗ್ರೈಂಡರ್ ಪ್ಲಗ್ಗಿನಿಂದ ಕಿಟಕಿ ಹಾಯಿಸಿ ಎಳೆದ ಎಕ್ಸ್‌ಟೆನ್ಷನ್ ಬಾಕ್ಸೂ ಆಗಿರಬಹುದು. ಆದ್ದರಿಂದ ಕೋಣೆ ಕಾದಿರಿಸುವಾಗಲೇ ಫೋನಿನಲ್ಲಿ ಕೇಳಿಬಿಡಿ: ಗೋಡೆಯ ಚಾರ್ಜರೋ ಬರೀ ಪ್ಲಗ್ಗೋ? ಕಾರು ನಿಲ್ಲುವ ಜಾಗಕ್ಕೂ ಪ್ಲಗ್ಗಿಗೂ ಎಷ್ಟು ದೂರ? ಅರ್ತಿಂಗ್ ಮಾಡಿಸಿದ್ದಾರೆಯೇ? ಕರೆಂಟ್ ಹೋದರೆ ಜನರೇಟರಿನಲ್ಲಿ ಕಾರಿಗೂ ಕೊಡುತ್ತಾರೆಯೇ, ದೀಪಕ್ಕೆ ಮಾತ್ರವೇ? ಹೆಚ್ಚಿನ ಕಡೆ ದೀಪಕ್ಕೆ ಮಾತ್ರ. ಡೀಸೆಲ್ ಸುಟ್ಟು ಕಾರಿಗೆ ಕರೆಂಟ್ ಕೊಡಿ ಎಂದು ಕೇಳುವುದೂ ಸರಿಯಲ್ಲ.

ದುಡ್ಡಿನ ವಿಷಯದಲ್ಲಿ ಸಂಕೋಚ ಎರಡೂ ಕಡೆ ಇದೆ. ಅತಿಥಿಯ ಹತ್ತಿರ ಕರೆಂಟಿಗೆ ಹಣ ಕೇಳುವುದು ಹೇಗೆ ಎಂದು ಮಾಲೀಕರು ಸುಮ್ಮನಾಗುತ್ತಾರೆ, ಆಮೇಲೆ ಬಿಲ್ ನೋಡಿ ‘ಇನ್ನು ಮೇಲೆ ಚಾರ್ಜಿಂಗ್ ಇಲ್ಲ’ ಎನ್ನುತ್ತಾರೆ. 25 ಯೂನಿಟ್ ಎಳೆದ ಕಾರು ಅವರ ಬಿಲ್ಲಿಗೆ ಸೇರಿಸುವುದು ನೂರು ಚಿಲ್ಲರೆಯಿಂದ ಇನ್ನೂರು ಚಿಲ್ಲರೆ ರೂಪಾಯಿ, ಅದು ಅವರ ಸಂಪರ್ಕ ಮನೆಯದೋ ವಾಣಿಜ್ಯದ್ದೋ ಎಂಬುದರ ಮೇಲೆ ಹೋಗುತ್ತದೆ. ಪ್ಲಗ್ಗಿನ ಜತೆಗೆ ಒಂದು ಸಣ್ಣ ಸಬ್-ಮೀಟರ್ ಹಾಕಿಸಿ, ಯೂನಿಟ್‌ಗೆ ಇಷ್ಟು ಎಂದು ಬೋರ್ಡು ಬರೆದಿಟ್ಟರೆ ಇಬ್ಬರಿಗೂ ನೆಮ್ಮದಿ. ಕಾನೂನಿನ ಭಯ ಬೇಡ. ಚಾರ್ಜಿಂಗ್ ಕೊಡುವುದು ಕರೆಂಟ್ ಮಾರಾಟವಲ್ಲ, ಅದೊಂದು ಸೇವೆ, ಅದಕ್ಕೆ ಪರವಾನಗಿ ಬೇಕಿಲ್ಲ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲಿಯೇ ಸ್ಪಷ್ಟಪಡಿಸಿದೆ. ಒಂದೇ ಒಂದು ಎಚ್ಚರಿಕೆ: ತೋಟದ ಪಂಪ್‌ಸೆಟ್ಟಿಗೆಂದು ಪಡೆದ ಸಂಪರ್ಕದಿಂದ ಅತಿಥಿಗಳ ಕಾರಿಗೆ ಕರೆಂಟ್ ಎಳೆಯಬೇಡಿ. ಅದರ ದರದ ವರ್ಗವೇ ಬೇರೆ, ಸಿಕ್ಕಿಬಿದ್ದರೆ ದಂಡ.

ಬರೀ ಪ್ಲಗ್ಗು

16 ಆಂಪಿಯರ್ ಪವರ್ ಪ್ಲಗ್ ಎಲ್ಲಿಯೂ ಸಿಗುತ್ತದೆ. ಗ್ಯಾರೇಜಿನಲ್ಲಿ, ಅಂಗಡಿಯ ಹಿಂದೆ, ನೆಂಟರ ಮನೆಯಲ್ಲಿ, ಕಚೇರಿಯ ಷೆಡ್ಡಿನಲ್ಲಿ. ಕಾರಿನ ಜತೆ ಬರುವ ಕೇಬಲ್ ಸಾಕು, ಆ್ಯಪ್ ಬೇಡ, ಒಟಿಪಿ ಬೇಡ. ಅಗ್ಗವೂ ಹೌದು. ಹಾಗಿದ್ದರೂ ಕೊಡಗಿನ ಹಳೆಯ ಮನೆಗಳಲ್ಲಿ, ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ಇದೇ ಅತ್ಯಂತ ಅಪಾಯದ ಆಯ್ಕೆ.

ಮೊದಲ ಕಾರಣ ಅರ್ತಿಂಗ್. ಪ್ಲಗ್ಗಿನ ಮೇಲಿನ ದಪ್ಪ ತೂತಿಗೆ ತಂತಿಯೇ ಬಂದಿರುವುದಿಲ್ಲ, ಅಥವಾ ಬಂದಿದ್ದರೂ ನೆಲದಲ್ಲಿ ಹೂತ ಪೈಪು ತುಕ್ಕು ಹಿಡಿದು ಎಷ್ಟೋ ವರ್ಷವಾಗಿರುತ್ತದೆ. ಗ್ರೈಂಡರಿಗೂ ಫ್ರಿಜ್ಜಿಗೂ ಇದು ಗೊತ್ತಾಗುವುದಿಲ್ಲ. ಕಾರಿನ ಚಾರ್ಜರ್ ಮಾತ್ರ ಮೊದಲು ಅರ್ತಿಂಗನ್ನೇ ಪರೀಕ್ಷಿಸಿ, ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಅದನ್ನು ವಂಚಿಸಲು ನ್ಯೂಟ್ರಲ್ ಮತ್ತು ಅರ್ತ್ ಎರಡನ್ನೂ ಸೇರಿಸಿ ಕಟ್ಟುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೈಮುಗಿದು ಬಂದುಬಿಡಿ. ಮಳೆಯಲ್ಲಿ ನೆನೆದ ಕಾರಿನ ಮೈಗೆ ಕರೆಂಟ್ ಬರುವ ದಾರಿ ಅದು.

ಎರಡನೆಯದು ಬಿಸಿ. ಗ್ರೈಂಡರ್ ಅರ್ಧ ಗಂಟೆ ಓಡಿ ನಿಲ್ಲುತ್ತದೆ, ಕಾರು ಎಂಟು ಹತ್ತು ಗಂಟೆ ಬಿಡದೆ 13–14 ಆಂಪಿಯರ್ ಎಳೆಯುತ್ತದೆ. ಸಡಿಲವಾದ ಸಾಕೆಟ್ ಆಗ ಕಾಯತೊಡಗುತ್ತದೆ. ಚಾರ್ಜಿಂಗ್ ಶುರುವಾಗಿ ಅರ್ಧ ಗಂಟೆಯ ಮೇಲೆ ಸ್ವಿಚ್ ಆರಿಸಿ, ಪ್ಲಗ್ಗನ್ನು ಹೊರಗೆಳೆದು ಪಿನ್ನುಗಳನ್ನು ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಮುಟ್ಟಲಾಗದಷ್ಟು ಬಿಸಿಯಿದ್ದರೆ, ಹಿತ್ತಾಳೆಯ ಬಣ್ಣ ಕಂದಿ ಕಪ್ಪಾಗಿದ್ದರೆ, ಸಾಕೆಟ್ಟಿನ ಪ್ಲಾಸ್ಟಿಕ್ ತೂತಿನ ಸುತ್ತ ಹಳದಿಯಾಗಿದ್ದರೆ ಆ ರಾತ್ರಿ ಅಲ್ಲಿ ಚಾರ್ಜ್ ಮಾಡಬೇಡಿ. ಎಷ್ಟೋ ಕಾರುಗಳಲ್ಲಿ ಪರದೆಯ ಮೇಲೆಯೇ ಆಂಪಿಯರ್ ಇಳಿಸುವ ಅವಕಾಶವಿದೆ. ಹತ್ತಕ್ಕೆ ಇಳಿಸಿದರೆ ಹೊತ್ತು ಹೆಚ್ಚು ಹಿಡಿದರೂ ಸಾಕೆಟ್ ತಣ್ಣಗಿರುತ್ತದೆ.

ಮೂರನೆಯದು ವೋಲ್ಟೇಜ್. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಕಾಫಿ ಹೂವರಳಿಸುವ ಹೂಮಳೆ ಬಾರದೆ ಎಲ್ಲ ತೋಟಗಳಲ್ಲೂ ಸ್ಪ್ರಿಂಕ್ಲರ್ ಓಡುವಾಗ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ಬಲ್ಬು ಮಿಣುಕುತ್ತದೆ. ಆಗ ಕಾರಿನ ಚಾರ್ಜರ್ ಪದೇ ಪದೇ ನಿಲ್ಲುತ್ತದೆ. ರಾತ್ರಿ ಹನ್ನೊಂದರ ಮೇಲೆ ಹಾಕಿ ನೋಡಿ, ಪಂಪುಗಳು ನಿಂತ ಮೇಲೆ ವೋಲ್ಟೇಜ್ ಚೇತರಿಸಿಕೊಳ್ಳುತ್ತದೆ.

ಸ್ಕೂಟರಿನವರಿಗೆ

ಸ್ಕೂಟರಿನ ಕತೆ ಸರಳ. ಬ್ಯಾಟರಿಯೇ ಮೂರು ನಾಲ್ಕು ಯೂನಿಟ್‌ನದು. ಕಚೇರಿಯಲ್ಲಿ ಅಥವಾ ಅಂಗಡಿಯಲ್ಲಿ ಒಂದು ಪ್ಲಗ್ ಸಿಕ್ಕಿದರೆ ಸಂಜೆಯೊಳಗೆ ತುಂಬುತ್ತದೆ. ಏಥರ್‌ನ ವೇಗದ ಚಾರ್ಜರ್ ಬಳಸುವ ಕನೆಕ್ಟರಿಗೆ 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಮಾನ್ಯತೆ ಕೊಟ್ಟಿದೆ, ಹೀರೋ ವಿಡಾ ಕೂಡ ಅದನ್ನೇ ಬಳಸುತ್ತದೆ. ಟಿವಿಎಸ್ ಐಕ್ಯೂಬ್, ಬಜಾಜ್ ಚೇತಕ್ ಇರುವವರು ಇದನ್ನು ಎಣಿಕೆಗೆ ಹಿಡಿಯದೆ ಪ್ಲಗ್ಗನ್ನೇ ನಂಬಬೇಕು.

ಮಹದೇವಪೇಟೆಯಂಥ ಕಡೆ ಮಹಡಿಯ ಮೇಲೆ ಬಾಡಿಗೆಗಿದ್ದು, ಕೆಳಗೆ ಗಾಡಿ ನಿಲ್ಲಿಸಲೂ ಜಾಗವಿಲ್ಲದವರಿಗೆ ಸಾರ್ವಜನಿಕ ಚಾರ್ಜರಿಗಿಂತ ಬ್ಯಾಟರಿ ಬಿಚ್ಚಿ ಮನೆಯೊಳಗೆ ಒಯ್ಯಬಹುದಾದ ಮಾದರಿಯೇ ಸರಿ. ವಿಡಾದಲ್ಲಿ ಆ ಅನುಕೂಲವಿದೆ. ಬ್ಯಾಟರಿ ಬದಲಿಸಿಕೊಡುವ ಕೇಂದ್ರಗಳನ್ನು ನೆಚ್ಚಿ ಗಾಡಿ ಕೊಳ್ಳುವ ಕಾಲ ನಮ್ಮಂಥ ಊರುಗಳಿಗೆ ಇನ್ನೂ ಬಂದಿಲ್ಲ.

ಮನೆಯ ಮೀಟರ್ ಮತ್ತು ಗೃಹಜ್ಯೋತಿ

ಸಾರ್ವಜನಿಕ ಚಾರ್ಜಿಂಗ್ ದುಬಾರಿಯೋ ಅಗ್ಗವೋ ಎಂದು ತಿಳಿಯಲು ಮನೆಯ ಕರೆಂಟನ್ನು ಪಕ್ಕದಲ್ಲಿಟ್ಟು ನೋಡಬೇಕು. ಗೃಹಬಳಕೆಯ ದರ ಈಗ ಯೂನಿಟ್‌ಗೆ ಆರು ರೂಪಾಯಿಯ ಆಸುಪಾಸು, ಎಂದರೆ ಕಿಲೋಮೀಟರಿಗೆ ಒಂದು ರೂಪಾಯಿ ಚಿಲ್ಲರೆ. ಆದರೆ ಗೃಹಜ್ಯೋತಿಯ ಫಲಾನುಭವಿಗಳು ಇನ್ನೊಂದು ಲೆಕ್ಕ ಹಾಕಬೇಕು. ನಿಮಗೆ ಉಚಿತವಾಗಿ ಸಿಗುವುದು ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇಕಡಾ ಹತ್ತು (ಸರಾಸರಿ 48 ಯೂನಿಟ್‌ಗಿಂತ ಕಡಿಮೆಯಿದ್ದರೆ ಹತ್ತು ಯೂನಿಟ್). ಸರಾಸರಿ 90 ಯೂನಿಟ್ ಇದ್ದ ಮನೆಗೆ 99. ಸ್ಕೂಟರ್ ತಿಂಗಳಿಗೆ 60 ಯೂನಿಟ್ ಎಳೆದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ದುಡ್ಡು. ಕಾರು ತಿಂಗಳಿಗೆ 150 ಯೂನಿಟ್ ಎಳೆದರೆ ಒಟ್ಟು 200 ದಾಟುತ್ತದೆ, ಆಗ ಪೂರ್ತಿ ಬಿಲ್ಲನ್ನು ನೀವೇ ಕಟ್ಟಬೇಕು. ಹಾಗೆ ಕಟ್ಟಿದರೂ ಅದು ಫಾಸ್ಟ್ ಚಾರ್ಜರಿನ ಖರ್ಚಿನ ಅರ್ಧಕ್ಕಿಂತ ಕಡಿಮೆಯೇ ಎಂಬುದನ್ನು ಮರೆಯಬೇಡಿ. ವಿದ್ಯುತ್ ವಾಹನದ ಚಾರ್ಜಿಂಗ್‌ಗೆ ಪ್ರತ್ಯೇಕ ದರವರ್ಗವಿದೆ. ಪ್ರತ್ಯೇಕ ಮೀಟರ್ ಹಾಕಿಸುವುದು ನಿಮಗೆ ಲಾಭವೇ ಎಂದು ಸೆಸ್ಕ್ (ಇಲ್ಲಿಗೆ ಕರೆಂಟ್ ಪೂರೈಸುವ ಕಂಪನಿ) ಉಪವಿಭಾಗದ ಕಚೇರಿಯಲ್ಲಿ ನಿಗದಿತ ಶುಲ್ಕವನ್ನೂ ಸೇರಿಸಿ ವಿಚಾರಿಸಿ.

ಜೂನ್‌ನಿಂದ ಆಗಸ್ಟ್‌ವರೆಗೆ

ಮರ ಬಿದ್ದು ತಂತಿ ಹರಿದರೆ ತೋಟದ ಮನೆಗಳಿಗೆ ಎರಡು ಮೂರು ದಿನ ಕರೆಂಟ್ ಬಾರದಿರುವುದು ಇಲ್ಲಿ ಸುದ್ದಿಯೇ ಅಲ್ಲ. ಟವರಿನ ಬ್ಯಾಟರಿ ಮುಗಿದರೆ ಸಿಗ್ನಲ್ಲೂ ಹೋಗುತ್ತದೆ, ಅದರ ಜತೆ ಆ್ಯಪ್ ನಂಬಿದ ಚಾರ್ಜರೂ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡಿನ ಕಡೆ ಗುಡ್ಡ ಕುಸಿದಾಗ ಹೆದ್ದಾರಿಯೇ ಮುಚ್ಚಿತ್ತು. ಆದ್ದರಿಂದ ಈ ಮೂರು ತಿಂಗಳು ಬ್ಯಾಟರಿಯನ್ನು ಶೇಕಡಾ 50ಕ್ಕಿಂತ ಕೆಳಗೆ ಇಳಿಯಲು ಬಿಡದಿರುವುದು, ಪತ್ರಿಕೆಯಲ್ಲಿ ವಿದ್ಯುತ್ ವ್ಯತ್ಯಯದ ಪ್ರಕಟಣೆ ಕಂಡರೆ ಹಿಂದಿನ ರಾತ್ರಿಯೇ ತುಂಬಿಸಿಕೊಳ್ಳುವುದು ಜಾಣತನ. ಮಳೆಯಲ್ಲಿ ಗನ್ ಚುಚ್ಚಲು ಹೆದರಬೇಕಿಲ್ಲ, ಅದನ್ನು ಮಳೆಗೆ ಒಗ್ಗುವಂತೆಯೇ ಮಾಡಿರುತ್ತಾರೆ. ಅಪಾಯ ಇರುವುದು ಅಂಗಳದಲ್ಲಿ ಬಿದ್ದಿರುವ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆ ಪ್ಲಗ್ ಕಿತ್ತಿಡಿ.

ಯಾರಿಗೆ ಯಾವುದು

ನಾಪೋಕ್ಲು, ಸಿದ್ದಾಪುರ, ಪೊನ್ನಂಪೇಟೆ ಕಡೆಯ ತೋಟದವರಿಗೆ ಮನೆಯ ಚಾರ್ಜರೇ ಮೂಲ. ಮೊದಲು ಅರ್ತಿಂಗಿಗೆ ಖರ್ಚು ಮಾಡಿ, ಆಮೇಲೆ ಪ್ರತ್ಯೇಕ ಎಂಸಿಬಿ (ಭಾರ ಹೆಚ್ಚಾದರೆ ತಾನೇ ಆರುವ ಸ್ವಿಚ್) ಮತ್ತು ಪ್ರತ್ಯೇಕ ತಂತಿ. ಫಾಸ್ಟ್ ಚಾರ್ಜರ್ ಬೇಕಾಗುವುದು ಮೈಸೂರಿಗೆ ಹೋಗಿ ಬರುವ ದಿನ ಮಾತ್ರ.

ಮಡಿಕೇರಿ ಪೇಟೆಯಲ್ಲಿ ಬಾಡಿಗೆಗಿದ್ದು, ಸ್ವಂತ ಪಾರ್ಕಿಂಗ್ ಇಲ್ಲದೆ ಕಾರು ಕೊಳ್ಳಬೇಕೆಂದಿರುವವರಿಗೆ ನನ್ನ ಸಲಹೆ ಸ್ವಲ್ಪ ಕಹಿ. ಕೆಲಸದ ಜಾಗದಲ್ಲಾಗಲಿ ಮನೆಯ ಹತ್ತಿರವಾಗಲಿ ದಿನಕ್ಕೆ ನಾಲ್ಕು ಗಂಟೆ ಚಾರ್ಜ್ ಮಾಡುವ ಖಚಿತ ಜಾಗ ಸಿಗುವವರೆಗೆ ಕಾಯಿರಿ. ಇಲ್ಲವಾದರೆ ಸ್ಕೂಟರ್ ಸಾಕು.

ಮೈಸೂರು ಕಡೆಯಿಂದ ಬರುವ ಪ್ರವಾಸಿಗರು ಕುಶಾಲನಗರದಲ್ಲಿ ಶೇಕಡಾ 80ಕ್ಕೆ ತುಂಬಿಸಿಕೊಂಡು ಮೇಲೆ ಹತ್ತಲಿ, ಮಂಗಳೂರು ಕಡೆಯವರು ಪುತ್ತೂರು ಅಥವಾ ಸುಳ್ಯದಲ್ಲಿ. ತಲಕಾವೇರಿ, ಮಾಂದಲ್‌ಪಟ್ಟಿಯ ಸುತ್ತಾಟಕ್ಕೆ ಬೇಕಾದದ್ದನ್ನು ತಂಗುವ ಜಾಗದಲ್ಲಿ ರಾತ್ರಿ ತುಂಬಿಸಿಕೊಳ್ಳಲಿ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಹೋಗುವವರಿಗೆ ಇಳಿಯುವಾಗ ಚಿಂತೆಯಿಲ್ಲ, ಮರಳಿ ಹತ್ತುವುದಕ್ಕೆ ಇರಿಟ್ಟಿಯಲ್ಲೋ ಕಣ್ಣೂರಿನಲ್ಲೋ ತುಂಬಿಸಿಕೊಂಡೇ ಹೊರಡಬೇಕು. ಕಾಡಿನ ನಡುವೆ ಕೇಳುವವರಿಲ್ಲ.

ಟ್ಯಾಕ್ಸಿ ಓಡಿಸುವವರ ಲೆಕ್ಕ ಎಲ್ಲರಿಗಿಂತ ಬಿಗಿ. ದಿನಕ್ಕೆ 150 ಕಿ.ಮೀ. ಓಡುವ ಗಾಡಿಗೆ 25ರಿಂದ 30 ಯೂನಿಟ್ ಬೇಕು. ರಾತ್ರಿ ಮನೆಯಲ್ಲಿ ತುಂಬಿಸಿದರೆ 180 ರೂಪಾಯಿಯೊಳಗೆ ಆಗುವುದು, ಪೂರ್ತಿ ಫಾಸ್ಟ್ ಚಾರ್ಜರಿನಲ್ಲಾದರೆ 600ರಿಂದ 700. ಅದರ ಮೇಲೆ ಒಂದು ಒಂದೂವರೆ ಗಂಟೆ ಬಾಡಿಗೆ ಬಿಟ್ಟು ಕೂರಬೇಕು. ರಾತ್ರಿ ಪೂರ್ತಿ ತುಂಬಿಸಿ, ಮಧ್ಯಾಹ್ನ ಪ್ರವಾಸಿಗರು ಊಟಕ್ಕೆ ಇಳಿದಾಗ ಅದೇ ಹೋಟೆಲಿನಲ್ಲಿ ಅರ್ಧ ಗಂಟೆ ಗನ್ ಚುಚ್ಚುವ ಹಾಗೆ ದಾರಿ ಹಾಕಿಕೊಂಡವರಿಗೆ ಗಿಟ್ಟುತ್ತದೆ. ರಾತ್ರಿ ಚಾರ್ಜ್ ಮಾಡಲು ಮನೆಯಲ್ಲಿ ಜಾಗವಿಲ್ಲದ ಟ್ಯಾಕ್ಸಿಯವರು ಸಾಲ ಮಾಡಿ ವಿದ್ಯುತ್ ಕಾರು ತರುವ ಮುನ್ನ ಈ ಎರಡು ಮೊತ್ತಗಳ ನಡುವಿನ ಅಂತರವನ್ನು ತಿಂಗಳ ಕಂತಿನ ಪಕ್ಕದಲ್ಲಿ ಬರೆದು ನೋಡಲಿ.